ಗ್ಯಾಸ್ ತುಂಬಿಸುವ ಮೊದಲು ಬಾನೆಟ್ ಎತ್ತಿ ನೋಡಿ: ಹಳೇ ಎಸ್‌ಯುವಿಯ ಹೀಟ್ ಮತ್ತು ಎಸಿ ದೋಷ ಹುಡುಕುವ ಬಗೆ

ಮಾರ್ಚ್ ತಿಂಗಳ ಮಧ್ಯಾಹ್ನ. ತಿಪಟೂರಿನಿಂದ ಬೆಂಗಳೂರಿಗೆ ಹೊರಟಿದ್ದೆವು. ನೆಲಮಂಗಲದವರೆಗೆ ಎಸಿ ಚೆನ್ನಾಗಿಯೇ ಇತ್ತು. ಅಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಐದು ನಿಮಿಷ ಆಗಿರಬೇಕು, ಹಿಂದಿನ ಸೀಟಿನಿಂದ ಅಮ್ಮ "ಗಾಳಿ ಬರ್ತಿದೆ ಕಣೋ, ತಂಪು ಬರ್ತಿಲ್ಲ" ಅಂದರು. ಟೆಂಪರೇಚರ್ ಮುಳ್ಳು ನೋಡಿದೆ. ಯಾವಾಗಲೂ ನಡುವಿಗಿಂತ ಒಂಚೂರು ಕೆಳಗೆ ನಿಲ್ಲುವ ಮುಳ್ಳು ಮುಕ್ಕಾಲಿಗೆ ಏರಿತ್ತು.

ನನ್ನದು ಏಳು ಸೀಟಿನ ಹಳೇ ಡೀಸೆಲ್ ಗಾಡಿ. ಇಂಜಿನ್ ಮುಂದೆ ಬೆಲ್ಟಿನಿಂದ ತಿರುಗುವ ದೊಡ್ಡ ಫ್ಯಾನ್. ಹಿಂದೆ ಕೂತವರಿಗೆ ಬೇರೆಯದೇ ಕೂಲಿಂಗ್ ಕಾಯಿಲ್. ಅದಕ್ಕೂ ಮೊದಲಿನ ಒಂದೂವರೆ ತಿಂಗಳಲ್ಲಿ ಎರಡು ಸಲ ಅಂಗಡಿಯಲ್ಲಿ ಗ್ಯಾಸ್ ತುಂಬಿಸಿದ್ದೆ. ಎರಡೂ ಸಲ "ಗ್ಯಾಸ್ ಕಮ್ಮಿ ಇದೆ ಸರ್" ಅಂದಿದ್ದರು. ತುಂಬಿಸಿದ ದಿನ ಸಂಜೆ ತಂಪಾಗಿಯೇ ಮನೆಗೆ ಬಂದೆ. ಮಧ್ಯಾಹ್ನದ ಟ್ರಾಫಿಕ್ ಸಿಕ್ಕ ದಿನ ಮತ್ತೆ ಅದೇ ಕತೆ. ಮೂರನೇ ಸಲ ಅಂಗಡಿಗೆ ಹೋಗಲಿಲ್ಲ. ಒಂದು ಭಾನುವಾರ ಪೂರ್ತಿ ಕೂತು ನಾನೇ ಹುಡುಕಿದೆ. ಆಮೇಲೆ ನೆಂಟರ, ಸ್ನೇಹಿತರ ಗಾಡಿಗಳನ್ನೂ ನೋಡುತ್ತಾ ಬಂದೆ. ಹುಡುಕುವ ಆ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗ್ಯಾಸ್ ಸುಮ್ನೆ ಖಾಲಿಯಾಗುವುದಿಲ್ಲ

ಇದೊಂದು ಮನಸ್ಸಿನಲ್ಲಿ ನಿಂತರೆ ಅರ್ಧ ದುಡ್ಡು ಉಳಿಯುತ್ತದೆ. ಎಸಿ ಗ್ಯಾಸ್ ಡೀಸೆಲ್ ಥರ ಉರಿದು ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗುವಾಗ ಕ್ಯಾಬಿನ್ನಿನ ಬಿಸಿ ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಮುಂದಿನ ಕಂಡೆನ್ಸರ್‌ಗೆ ತಳ್ಳುತ್ತದೆ. ಅಲ್ಲಿ ಬಿಸಿ ಬಿಟ್ಟು ಮತ್ತೆ ದ್ರವವಾಗುತ್ತದೆ. ಹಳೇ ಗಾಡಿಯಲ್ಲಿ ರಬ್ಬರ್ ಪೈಪು, ಸೀಲುಗಳಿಂದ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಸೋರುವುದು ನಿಜ. ಆದರೆ ಒಂದೇ ಬೇಸಿಗೆಯಲ್ಲಿ ಎರಡು ಸಲ ಕಡಿಮೆಯಾದರೆ ಎಲ್ಲೋ ತೂತಿದೆ. ತೂತು ಇಲ್ಲದಿದ್ದರೆ ಗ್ಯಾಸ್ ಕಡಿಮೆಯೇ ಆಗಿಲ್ಲ, ದೋಷ ಬೇರೆ ಕಡೆ ಇದೆ. ಎರಡರಲ್ಲಿ ಯಾವುದಾದರೂ ಸರಿ, ಬರೀ ಗ್ಯಾಸ್ ಸುರಿದರೆ ಪ್ರಯೋಜನವಿಲ್ಲ.

ಇನ್ನೊಂದು ವಿಷಯ. ಕಂಡೆನ್ಸರ್ ಇರುವುದು ರೇಡಿಯೇಟರ್‌ನ ಮುಂದೆ, ಎರಡು ಬೆರಳು ತೂರುವಷ್ಟು ಜಾಗ ಬಿಟ್ಟು. ಕ್ಯಾಬಿನ್ನಿನ ಬಿಸಿ, ಇಂಜಿನ್ನಿನ ಬಿಸಿ ಎರಡೂ ಹೊರಗೆ ಹೋಗುವ ಕಿಟಕಿ ಒಂದೇ. ಕಿಟಕಿ ಮುಚ್ಚಿಕೊಂಡರೆ ಎರಡೂ ಕೆಡುತ್ತವೆ. ಅದಕ್ಕೇ ಎಸಿ ಕೆಟ್ಟಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಹೀಟ್ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ. ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ ಈಚಿನ ಕಾಮನ್‌ರೈಲ್ ಗಾಡಿಗಳಲ್ಲಿ ಇಂಜಿನ್ ಜಾಸ್ತಿ ಹೀಟ್ ಆದರೆ ಕಂಪ್ಯೂಟರೇ ಕಂಪ್ರೆಸರ್ ಅನ್ನು ಬಂದ್ ಮಾಡುತ್ತದೆ. ಆಗ ಎಸಿಯ ಯಾವ ಭಾಗ ಬದಲಿಸಿದರೂ ತಂಪು ಬರುವುದಿಲ್ಲ.

ಓಡುವಾಗ ತಂಪು, ನಿಂತಾಗ ಇಲ್ಲ

ಲಕ್ಷಣ ಹೀಗಿದ್ದರೆ ನೀವು ಮುಕ್ಕಾಲು ದಾರಿ ಮುಟ್ಟಿದ ಹಾಗೆಯೇ. ಗಾಡಿ ಓಡುವಾಗ ಗಾಳಿ ತಾನೇ ನುಗ್ಗುತ್ತದೆ. ನಿಂತಾಗ ಫ್ಯಾನ್ ಎಳೆಯಬೇಕು. ಹಾಗಾಗಿ ನೋಡಬೇಕಾದದ್ದು ಎರಡೇ. ಗಾಳಿಗೆ ದಾರಿ ಇದೆಯಾ? ಫ್ಯಾನ್ ಎಳೆಯುತ್ತಿದೆಯಾ?

ದಾರಿ ಮೊದಲು. ಇಂಜಿನ್ ತಣ್ಣಗಿರುವಾಗ ಗ್ರಿಲ್ ಕಡೆಯಿಂದ ನೋಡಿದರೆ ನನ್ನ ಕಂಡೆನ್ಸರ್ ಶುದ್ಧವಾಗಿ ಕಾಣುತ್ತಿತ್ತು. ಸರ್ವಿಸ್‌ನಲ್ಲಿ ನೀರು ಹೊಡೆಯುವವರು ಮುಂದಿನಿಂದಲೇ ಹೊಡೆದಿರುತ್ತಾರೆ, ಅಲ್ವಾ? ಇರಲಿ ಅಂತ ಮೇಲಿನ ಎರಡು ಬ್ರಾಕೆಟ್ ಬೋಲ್ಟ್ ಬಿಚ್ಚಿದೆ. ಪೈಪುಗಳನ್ನು ಮುಟ್ಟದೆ ಕಂಡೆನ್ಸರ್ ಅನ್ನು ಒಂದಿಂಚು ಮುಂದಕ್ಕೆ ವಾಲಿಸಿ, ನಡುವಿನ ಸಂದಿಗೆ ಟಾರ್ಚ್ ಬಿಟ್ಟೆ. ರೇಡಿಯೇಟರ್ ಕಾಣಲೇ ಇಲ್ಲ. ಅದರ ಮೇಲೆ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗಿತ್ತು. ಬೆರಳು ಹಾಕಿ ಎಳೆದೆ, ಒಂದು ಅಂಗೈಯಗಲದ ಹಾಳೆ ಹಾಗೇ ಕಳಚಿ ಬಂತು. ಬಿಡಿಸಿ ನೋಡಿದರೆ ಹುರುಳಿ ಹೊಟ್ಟು, ರಾಗಿ ಸುಂಕು, ತೆಂಗಿನ ನಾರಿನ ಪುಡಿ, ಸತ್ತ ಚಿಟ್ಟೆಯ ರೆಕ್ಕೆ, ಎಲ್ಲವನ್ನೂ ಹಿಡಿದು ಕೂರಿಸಿದ ಕೆಂಪು ಧೂಳು. ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ, ರಾಗಿ ಪೈರನ್ನು ರಸ್ತೆಗೆ ಹರಡುತ್ತಾರಲ್ಲ, ಅದರ ಮೇಲೆ ದಿನಾ ಓಡಾಡಿದ ಫಲ ಅದು. ಹೊಟ್ಟು ಕಂಡೆನ್ಸರ್‌ನ ಅಂಚಿನಿಂದ ನುಗ್ಗಿ ಒಳಗೆ ಸಿಕ್ಕಿಕೊಳ್ಳುತ್ತದೆ. ಫ್ಯಾನ್ ಎಳೆದಷ್ಟೂ ಇನ್ನಷ್ಟು ಬಿಗಿಯಾಗಿ ಅಂಟುತ್ತದೆ. (ಹುರುಳಿ ಬಳ್ಳಿ ಗಾಡಿಯ ಅಡಿ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಬೆಂಕಿಯೂ ಹೊತ್ತಬಹುದು. ಅಂಥ ರಸ್ತೆ ದಾಟಿದ ಮೇಲೆ ಬಗ್ಗಿ ಒಮ್ಮೆ ನೋಡಿ.)

ಶುಚಿ ಮಾಡುವಾಗ ಅವಸರ ಬೇಡ. ಮೊದಲು ಮೆತ್ತನೆ ಬ್ರಷ್‌ನಿಂದ ಒಣ ಕಸ ತೆಗೆಯಿರಿ. ಆಮೇಲೆ ಇಂಜಿನ್ ಕಡೆಯಿಂದ ಮುಂದಕ್ಕೆ, ತೋಟಕ್ಕೆ ನೀರು ಹಾಯಿಸುವ ಪೈಪಿನ ಒತ್ತಡದಲ್ಲಿ ನೀರು ಬಿಡಿ. ಬಂದ ದಾರಿಯಲ್ಲೇ ಕಸ ವಾಪಸ್ ಹೋಗಬೇಕು. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ತೆಳು ಫಿನ್‌ಗಳು (ಲೋಹದ ಪದರಗಳು) ಮಡಚಿಕೊಂಡು ಶಾಶ್ವತವಾಗಿ ಗಾಳಿ ತಡೆಯುತ್ತವೆ. ನನಗೆ ಇದಕ್ಕೇ ಎರಡು ಗಂಟೆ ಹಿಡಿಯಿತು. ಕೆಳಗೆ ಹರಿದ ನೀರು ಕೆಂಪಗಿದ್ದದ್ದು ತಿಳಿಯಾಗುವವರೆಗೂ ಬಿಡಲಿಲ್ಲ.

ಇನ್ನು ಫ್ಯಾನ್. ಬೆಲ್ಟಿನ ಫ್ಯಾನ್‌ಗೆ ನಡುವೆ ವಿಸ್ಕಸ್ ಕ್ಲಚ್ ಇರುತ್ತದೆ. ಒಳಗೆ ಮಂದವಾದ ಸಿಲಿಕಾನ್ ಎಣ್ಣೆ, ಮುಂದೆ ಸುರುಳಿ ಪಟ್ಟಿ. ರೇಡಿಯೇಟರ್‌ನಿಂದ ಬರುವ ಗಾಳಿ ಬಿಸಿಯಾದಂತೆ ಪಟ್ಟಿ ತಿರುಗಿ, ಎಣ್ಣೆ ಹರಿದು, ಫ್ಯಾನ್ ಬಿಗಿಯಾಗುತ್ತದೆ. ಇಂಜಿನ್ ಆಫ್ ಮಾಡಿ, ಕೀ ಕೈಯಲ್ಲಿ ಹಿಡಿದು, ಫ್ಯಾನ್ ಅನ್ನು ಕೈಯಿಂದ ತಿರುಗಿಸಿ ಬಿಡಿ. ತಣ್ಣಗಿದ್ದಾಗ ಸ್ವಲ್ಪ ತಡೆ ಇರಬೇಕು. ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ ತಿರುಗಿಸಿದರೆ ತಡೆ ಇನ್ನೂ ಜಾಸ್ತಿ ಇರಬೇಕು. ಬಿಸಿಯಲ್ಲೂ ಮೂರು ನಾಲ್ಕು ಸುತ್ತು ಸಲೀಸಾಗಿ ತಿರುಗಿದರೆ ಕ್ಲಚ್ ಹೋಗಿದೆ. ಗುಬುಟಿನ ಸುತ್ತ ಎಣ್ಣೆ ಜಿಡ್ಡು ಧೂಳು ಹಿಡಿದು ಕಪ್ಪಾಗಿದ್ದರೂ ಅದೇ ಅರ್ಥ. ನನ್ನ ಗಾಡಿಯಲ್ಲಿ ಇದೂ ಸೋತಿತ್ತು. ಹೊಸದು ಹಾಕಿದ ಮೇಲೆ ಟ್ರಾಫಿಕ್‌ನಲ್ಲಿ ನಿಂತಾಗ ಫ್ಯಾನ್ 'ಭರ್' ಅಂತ ಹಿಡಿಯುವ ಸದ್ದು ಕೇಳಿಸಿತು. ಆ ಸದ್ದು ಯಾವಾಗ ನಿಂತಿತ್ತು ಅನ್ನುವುದೇ ನನ್ನ ಗಮನಕ್ಕೆ ಬಂದಿರಲಿಲ್ಲ.

ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಾದರೆ ಎಸಿ ಹಾಕಿದ ತಕ್ಷಣ ಅಥವಾ ಸ್ವಲ್ಪ ಹೊತ್ತಿನಲ್ಲಿ ಅದು ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ಆಮೇಲೆ ರಿಲೇ, ಆಮೇಲೆ ಮೋಟರ್‌ಗೆ ನೇರ 12 ವೋಲ್ಟ್ ಕೊಟ್ಟು ಪರೀಕ್ಷೆ. ಈ ಫ್ಯಾನ್‌ಗಳು ಇಂಜಿನ್ ಆಫ್ ಆದ ಮೇಲೂ ತಾನಾಗಿ ತಿರುಗಬಹುದು. ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ.

ಓಡುವಾಗಲೂ ಹೀಟ್ ಆಗುತ್ತಿದ್ದರೆ

ಗಾಳಿ ಸರಿ ಇದೆ, ಆದರೂ ಹೈವೇಯಲ್ಲಿ, ಶಿರಾಡಿ ಅಥವಾ ಚಾರ್ಮಾಡಿ ಏರುವಾಗ ಮುಳ್ಳು ಏರುತ್ತದೆ ಅಂದರೆ ದೋಷ ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಕಡೆ ಇದೆ. ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒತ್ತಡದಲ್ಲಿ ಕುದಿಯದೆ ಕೂತ ನೀರು ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ. ಒಂದು ಗಂಟೆಯಾದರೂ ಆರಲಿ.

ಆ ಮುಚ್ಚಳದ ಬಗ್ಗೆ ಸ್ವಲ್ಪ ಹೇಳಬೇಕು. ಅದು ಬರೀ ಮುಚ್ಚಳ ಅಲ್ಲ, ಸ್ಪ್ರಿಂಗ್ ಇರುವ ವಾಲ್ವ್. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅದೇ ನೀರಿನ ಮೇಲೆ 1 ಬಾರ್ ಹೆಚ್ಚುವರಿ ಒತ್ತಡ ಕೂತರೆ 120 ಡಿಗ್ರಿ ಹತ್ತಿರದವರೆಗೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟರೆ ಈ ಲಾಭವೆಲ್ಲ ಹೋಗಿ, ಇಂಜಿನ್‌ನಲ್ಲಿ ಬೇರೆ ಯಾವ ದೋಷ ಇಲ್ಲದಿದ್ದರೂ ಕುದಿದು ಚೆಲ್ಲುತ್ತದೆ. ಇಡೀ ವ್ಯವಸ್ಥೆಯಲ್ಲಿ ಕಡಿಮೆ ಬೆಲೆಯ ಭಾಗ ಇದೇ. ಅನುಮಾನ ಬಂದರೆ ಅದೇ ಒತ್ತಡದ ಅಂಕಿ ಇರುವ ಹೊಸ ಮುಚ್ಚಳ ಹಾಕಿಬಿಡಿ.

ಥರ್ಮೋಸ್ಟಾಟ್ ಅಂದರೆ ಇಂಜಿನ್ ಕಾಯುವವರೆಗೆ ಕೂಲಂಟ್ ಅನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್. ಅದರ ಪರೀಕ್ಷೆ ಸುಲಭ. ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಪೈಪ್ ಮೇಲೆ ಆಗಾಗ ಕೈ ಇಟ್ಟು ನೋಡಿ. ಕೆಲ ನಿಮಿಷ ಉಗುರುಬೆಚ್ಚಗಿದ್ದು, ಮುಳ್ಳು ನಡುವಿಗೆ ಬಂದಾಗ ಒಮ್ಮೆಲೇ ಬಿಸಿಯಾಗಬೇಕು. ಮುಳ್ಳು ಮೇಲೇರಿದರೂ ರೇಡಿಯೇಟರ್ ತಣ್ಣಗೇ ಇದ್ದರೆ ಅದು ತೆರೆಯುತ್ತಿಲ್ಲ. ಬಿಚ್ಚಿ, ದಾರ ಕಟ್ಟಿ, ನೀರಿರುವ ಹಳೇ ಡಬ್ಬಿಯಲ್ಲಿ ತೂಗುಬಿಟ್ಟು ಒಲೆ ಮೇಲಿಡಿ. ಅದರ ಮೇಲೆಯೇ 82 ಅಥವಾ 88 ಥರದ ಅಂಕಿ ಕೊರೆದಿರುತ್ತದೆ. ಆ ಡಿಗ್ರಿ ಹತ್ತಿರ ಬಾಯಿ ಬಿಡಲು ಶುರು ಮಾಡಬೇಕು. ಥರ್ಮೋಸ್ಟಾಟ್ ತೆಗೆದು ಬಿಸಾಕಿ ಓಡಿಸಿ ಅನ್ನುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚುತ್ತದೆ.

ರೇಡಿಯೇಟರ್ ಪೂರ್ತಿ ಬಿಸಿಯಾದಾಗ ಅದರ ಮೈ ಒಂದೇ ಸಮ ಬಿಸಿ ಇರಬೇಕು. ನಡುನಡುವೆ ತಣ್ಣನೆ ಪಟ್ಟೆ ಸಿಕ್ಕಿದರೆ ಅಲ್ಲಿನ ಟ್ಯೂಬ್ ಒಳಗಿನಿಂದ ಕಟ್ಟಿದೆ. ಬೋರ್‌ವೆಲ್ ನೀರು ಸುರಿದ ಗಾಡಿಗಳಲ್ಲಿ ಇದು ಮಾಮೂಲಿ. ಕಾಫಿ ಕಾಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣವೇ ಇಲ್ಲೂ ಕಟ್ಟುವುದು. ಕೂಲಂಟ್‌ಗೆ ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಅರ್ಧಕ್ಕರ್ಧ. ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಕೂಲಂಟ್ ಇಳಿದ ಗುರುತು ಕಂಡರೆ ಪಂಪ್‌ನ ಸೀಲ್ ಹೋಗಿದೆ, ಆ ತೂತನ್ನು ಮುಚ್ಚಬೇಡಿ.

ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿದ್ದರೆ ಗುರುತು ಬೇರೆ. ರಾತ್ರಿಯೆಲ್ಲ ನಿಂತ ಗಾಡಿಯ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ಬಿಡದೆ ಗುಳ್ಳೆ ಬರುತ್ತದೆ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದರೆ ಇಂಜಿನ್ ಕಾಯುವ ಮೊದಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಯಿಲ್ ಹಾಲು ಬೆರೆತ ಕಾಫಿಯಂತಾಗಬಹುದು. ಇಲ್ಲಿಗೆ ಬಂದರೆ ಸ್ಪ್ಯಾನರ್ ಕೆಳಗಿಟ್ಟು ಒಳ್ಳೆಯ ಮೆಕ್ಯಾನಿಕ್ ಹತ್ತಿರ ಹೋಗಿ. ಮನೆಯಂಗಳದ ಕೆಲಸ ಅಲ್ಲ ಅದು.

ದಾರಿಯಲ್ಲೇ ಮುಳ್ಳು ಏರಿದರೆ ಮೊದಲು ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ಜೋರಿಗೆ ಇಡಿ. ಒಳಗೆ ಬೆವರು ಸುರಿಯುತ್ತದೆ ನಿಜ. ಆದರೆ ಹೀಟರ್ ಅನ್ನುವುದು ಇನ್ನೊಂದು ಪುಟ್ಟ ರೇಡಿಯೇಟರ್, ಅಷ್ಟು ಬಿಸಿಯನ್ನು ಇಂಜಿನ್ನಿನಿಂದ ಕಸಿದುಕೊಳ್ಳುತ್ತದೆ. ಪಕ್ಕಕ್ಕೆ ನಿಲ್ಲಿಸಿ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ.

ಹೀಟ್ ಸರಿ ಇದೆ, ತಂಪು ಮಾತ್ರ ಇಲ್ಲ

ಈಗ ಎಸಿ. ಇಂಜಿನ್ ಓಡುತ್ತಿರುವಾಗ ಬಾನೆಟ್ ತೆರೆದು, ಇನ್ನೊಬ್ಬರಿಗೆ ಎಸಿ ಸ್ವಿಚ್ ಒತ್ತಲು ಹೇಳಿ. ಕಂಪ್ರೆಸರ್ ಮುಂದಿನ ಪ್ಲೇಟ್ (ಕಂಪ್ರೆಸರ್ ಕ್ಲಚ್‌ನ ಭಾಗ ಅದು) 'ಟಕ್' ಅಂತ ಹಿಡಿದು ಪುಲ್ಲಿ ಜೊತೆ ತಿರುಗಬೇಕು. ಹಿಡಿಯದಿದ್ದರೆ ಫ್ಯೂಸ್, ರಿಲೇ ನೋಡಿ. ರಿಲೇ ಪರೀಕ್ಷೆಗೆ ಅದೇ ಬಾಕ್ಸ್‌ನಲ್ಲಿರುವ ಅದೇ ನಮೂನೆಯ ಇನ್ನೊಂದು ರಿಲೇ, ಉದಾಹರಣೆಗೆ ಹಾರನ್‌ನದು, ಅದಲು ಬದಲು ಮಾಡಿದರೆ ಸಾಕು. ಆಮೇಲೆ ಕ್ಲಚ್ ವೈರಿಗೆ 12 ವೋಲ್ಟ್ ಬರುತ್ತಿದೆಯೇ ಅಂತ ಮಲ್ಟಿಮೀಟರ್ ಹಿಡಿಯಿರಿ. ವೋಲ್ಟ್ ಬಂದೂ ಹಿಡಿಯದಿದ್ದರೆ ತಪ್ಪು ಕ್ಲಚ್‌ನಲ್ಲೇ ಇದೆ. ಪ್ಲೇಟನ್ನು ಎಳೆಯುವ ಅಯಸ್ಕಾಂತದ ಕಾಯಿಲ್ ಸಾಮಾನ್ಯವಾಗಿ 3ರಿಂದ 4 ಓಮ್ ತೋರಿಸುತ್ತದೆ.

ಇಲ್ಲಿ ತುಂಬಾ ಜನ ಎಡವುವ ಒಂದು ದೋಷ ಇದೆ. ಬೆಳಿಗ್ಗೆ ಎಸಿ ಚೆನ್ನಾಗಿ ಬರುತ್ತದೆ, ಒಂದು ಗಂಟೆ ಓಡಿದ ಮೇಲೆ ನಿಲ್ಲುತ್ತದೆ, ಗಾಡಿ ಆರಿದ ಮೇಲೆ ಮತ್ತೆ ಬರುತ್ತದೆ. ವರ್ಷಗಳ ಸವೆತದಿಂದ ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದಿ ದೊಡ್ಡದಾಗಿರುತ್ತದೆ. ಕಾಯಿಲ್ ಬಿಸಿಯಾದಾಗ ಅದರ ಎಳೆತ ಕುಗ್ಗುತ್ತದೆ, ಅಷ್ಟು ದೂರದಿಂದ ಪ್ಲೇಟನ್ನು ಎಳೆಯಲು ಆಗುವುದಿಲ್ಲ. ಇಂಜಿನ್ ಆಫ್ ಮಾಡಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಹೆಚ್ಚಿನ ಕಂಪ್ರೆಸರ್‌ಗಳಲ್ಲಿ ಸಂದಿ 0.3ರಿಂದ 0.6 ಮಿಲಿಮೀಟರ್ ಒಳಗೆ ಇರಬೇಕು. ಒಬ್ಬ ಸ್ನೇಹಿತನ ಗಾಡಿಯಲ್ಲಿ 0.9 ಇತ್ತು. ಅವನಿಗೆ ಹೊಸ ಕಂಪ್ರೆಸರ್ ಹಾಕಬೇಕು ಅಂತ ಹೇಳಿದ್ದರು. ನಡುವಿನ ಒಂದು ಬೋಲ್ಟ್ ಬಿಚ್ಚಿ, ಪ್ಲೇಟ್ ತೆಗೆದು, ಶಾಫ್ಟ್ ಮೇಲಿದ್ದ ಕಾಗದದಷ್ಟು ತೆಳ್ಳಗಿನ ಎರಡು ವಾಷರ್‌ಗಳಲ್ಲಿ ಒಂದನ್ನು ತೆಗೆದು ವಾಪಸ್ ಕೂರಿಸಿದೆವು. ಗ್ಯಾಸ್ ಪೈಪಿಗೆ ಕೈ ಹಾಕುವ ಅಗತ್ಯವೇ ಬೀಳಲಿಲ್ಲ. ಅದೇ ಕಂಪ್ರೆಸರ್ ಆಮೇಲೆ ಎರಡು ಬೇಸಿಗೆ ಓಡಿತು.

ಕ್ಲಚ್ ಹಿಡಿದಿದೆ, ಆದರೂ ತಂಪಿಲ್ಲವೆ? ಬೆಲ್ಟಿನಿಂದ ದೂರ ಇರುವ ಕಡೆ ಪೈಪುಗಳನ್ನು ಮುಟ್ಟಿ. ದಪ್ಪ ಪೈಪ್ ತಣ್ಣಗೆ ಬೆವರಿರಬೇಕು. ತೆಳು ಪೈಪ್ ಬಿಸಿ ಇರಬೇಕು, ಕಂಪ್ರೆಸರ್‌ನಿಂದ ಹೊರಡುವ ಪೈಪ್ ಕೈ ಸುಡುವಷ್ಟು ಇರುತ್ತದೆ, ಅದನ್ನು ಮುಟ್ಟಬೇಡಿ. ಎರಡೂ ಒಂದೇ ಥರ ಇದ್ದರೆ ಗ್ಯಾಸ್ ಇಲ್ಲ ಅಥವಾ ಕಂಪ್ರೆಸರ್ ಒತ್ತುತ್ತಿಲ್ಲ. ಇಲ್ಲಿಂದ ಮುಂದೆ ಮ್ಯಾನಿಫೋಲ್ಡ್ ಗೇಜ್ ಬೇಕು. ಎಸಿಯ ಕಡಿಮೆ ಒತ್ತಡದ (ಲೋ) ಕಡೆ, ಹೆಚ್ಚು ಒತ್ತಡದ (ಹೈ) ಕಡೆ ಎರಡನ್ನೂ ತೋರಿಸುವ ಜೋಡಿ ಮೀಟರ್ ಅದು.

ಗೇಜ್ ಓದುವ ಬಗೆ. ಆರ್-134ಎ ಗ್ಯಾಸ್‌ಗೆ ಹೇಳುತ್ತಿದ್ದೇನೆ. ನಿಮ್ಮ ಗಾಡಿಯದ್ದು ಯಾವುದು, ಎಷ್ಟು ಗ್ರಾಂ ಅನ್ನುವುದು ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿದೆ. ಇಂಜಿನ್ ಆಫ್ ಇದ್ದು ಎಲ್ಲ ತಣ್ಣಗಿರುವಾಗ 30 ಡಿಗ್ರಿ ಹವೆಯಲ್ಲಿ ಎರಡೂ ಮುಳ್ಳು ಸುಮಾರು 95 ಪಿಎಸ್‌ಐ ತೋರಿಸಿದರೆ ಒಳಗೆ ಸ್ವಲ್ಪವಾದರೂ ದ್ರವ ಗ್ಯಾಸ್ ಇದೆ ಅಂತ ಅರ್ಥ. ಎಷ್ಟಿದೆ ಅನ್ನುವುದು ಇದರಿಂದ ತಿಳಿಯುವುದಿಲ್ಲ. ಇದೇ ಅಂಕಿ ನೋಡಿ "ಫುಲ್ ಇದೆ" ಅನ್ನುವವರ ಮಾತು ನಂಬಬೇಡಿ. ಇಂಜಿನ್ ಓಡುವಾಗ 32ರಿಂದ 35 ಡಿಗ್ರಿ ಬಿಸಿಲಿನಲ್ಲಿ ಲೋ ಕಡೆ 30ರಿಂದ 45, ಹೈ ಕಡೆ 200ರಿಂದ 270ರ ಆಸುಪಾಸು ಇದ್ದರೆ ಸರಿ. ಗಾಡಿಯಿಂದ ಗಾಡಿಗೆ ಸ್ವಲ್ಪ ಬೇರೆ ಇರುತ್ತದೆ. ಎರಡೂ ಕಡಿಮೆ ಇದ್ದರೆ ಗ್ಯಾಸ್ ಸೋರಿದೆ. ಲೋ ಜಾಸ್ತಿ, ಹೈ ಕಡಿಮೆ ಇದ್ದರೆ ಕಂಪ್ರೆಸರ್ ಸೋತಿದೆ. ಲೋ ಸೊನ್ನೆಗೂ ಕೆಳಗೆ ಹೋದರೆ ಎಕ್ಸ್‌ಪಾನ್ಷನ್ ವಾಲ್ವ್ (ಕೂಲಿಂಗ್ ಕಾಯಿಲ್‌ಗೆ ದ್ರವ ಗ್ಯಾಸ್ ಅಳೆದು ಬಿಡುವ ವಾಲ್ವ್) ಕಟ್ಟಿದೆ, ಅಥವಾ ಒಳಗಿನ ನೀರಿನಂಶ ಅಲ್ಲಿ ಹೆಪ್ಪುಗಟ್ಟಿದೆ. ಎರಡೂ ಜಾಸ್ತಿ ಇದ್ದರೆ ಕಂಡೆನ್ಸರ್‌ಗೆ ಗಾಳಿ ಇಲ್ಲ, ಅಥವಾ ಗ್ಯಾಸ್ ಅತಿಯಾಗಿದೆ, ಅಥವಾ ಪೈಪಿನೊಳಗೆ ಗಾಳಿ ಸೇರಿದೆ. ನನ್ನ ಗಾಡಿ ತೋರಿಸಿದ್ದು ಇದನ್ನೇ. ಕಂಬಳಿ ಹೊದ್ದ ರೇಡಿಯೇಟರ್, ಅದರ ಮೇಲೆ ಎರಡು ಸಲ ತುಂಬಿಸಿದ ಹೆಚ್ಚುವರಿ ಗ್ಯಾಸ್. ಗೇಜ್ ಹಾಕಿ ಕಣ್ಣಾರೆ ನೋಡಿದಾಗ ಹೈ ಕಡೆ 340 ಇತ್ತು.

ಸೋರಿಕೆ ಹುಡುಕಲು ಕಣ್ಣೇ ಮೊದಲ ಸಾಧನ. ಗ್ಯಾಸ್ ಜೊತೆ ಎಣ್ಣೆಯೂ ಹೊರಬರುತ್ತದೆ, ಅಲ್ಲಿ ಧೂಳು ಅಂಟಿ ಜಿಡ್ಡಿನ ಕಲೆಯಾಗುತ್ತದೆ. ಜಾಯಿಂಟುಗಳು, ಕಲ್ಲು ಬಡಿದ ಕಂಡೆನ್ಸರ್ ಮೈ, ಗ್ಯಾಸ್ ತುಂಬುವ ವಾಲ್ವ್‌ನ ಪಿನ್, ಕಂಪ್ರೆಸರ್ ಮೂತಿಯ ಸೀಲ್. ಪಾತ್ರೆ ತೊಳೆಯುವ ಸೋಪಿನ ನೊರೆ ಬಳಿದು ಗುಳ್ಳೆ ಏಳುತ್ತದಾ ನೋಡಿ. ಹಿಂದಿನ ಕಾಯಿಲ್ ಇರುವ ಗಾಡಿಯಲ್ಲಿ ಅಡಿಯಲ್ಲಿ ಓಡುವ ಉದ್ದ ಪೈಪುಗಳನ್ನು ಮರೆಯಬೇಡಿ. ಕೆಸರು ಹಿಡಿದು ಕ್ಲ್ಯಾಂಪ್ ಜಾಗದಲ್ಲಿ ತೂತಾಗುತ್ತವೆ.

ಕ್ಯಾಬಿನ್ ಒಳಗಿನ ದೋಷಗಳು ಸಣ್ಣವು. ಬ್ಲೋವರ್ ಕೊನೆಯ ಸ್ಪೀಡ್‌ನಲ್ಲಿ ಮಾತ್ರ ಓಡಿದರೆ ಸ್ಪೀಡ್ ಇಳಿಸುವ ರೆಸಿಸ್ಟರ್ ಹೋಗಿದೆ. ಕಾಲಡಿ ಮ್ಯಾಟ್ ಒದ್ದೆಯಾದರೆ ನೀರು ಹೋಗುವ ಪೈಪ್ ಕಟ್ಟಿದೆ, ಕೆಳಗಿನಿಂದ ಮೆತ್ತಗೆ ಊದಿ ಬಿಡಿಸಿ. ಒಂದು ಗಂಟೆ ಆದ ಮೇಲೆ ಗಾಳಿಯೇ ಕಡಿಮೆಯಾಗಿ, ಎಸಿ ಆಫ್ ಮಾಡಿದ ಹತ್ತು ನಿಮಿಷಕ್ಕೆ ಮತ್ತೆ ಬಂದರೆ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಕ್ಯಾಬಿನ್ ಗಾಳಿಯ ಫಿಲ್ಟರ್ ತೆಗೆದು ನೋಡಿ, ಅದು ಶುದ್ಧವಿದ್ದರೆ ಥರ್ಮಿಸ್ಟರ್ (ಕಾಯಿಲ್ ಎಷ್ಟು ತಣ್ಣಗಿದೆ ಅಂತ ಅಳೆಯುವ ಸೆನ್ಸರ್) ಬದಲಿಸಿ. ಪೈಪೆಲ್ಲ ತಣ್ಣಗಿದ್ದೂ ಒಳಗೆ ಬೆಚ್ಚನೆ ಗಾಳಿ ಬಂದರೆ ಹೀಟರ್ ವಾಲ್ವ್ ಅಥವಾ ಬಿಸಿ ಗಾಳಿ ತಡೆಯುವ ಒಳಗಿನ ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ.

ಗ್ಯಾಸ್ ಹಾಕಲೇಬೇಕಾದರೆ

ತೂತು ಸರಿ ಮಾಡಿದ ಮೇಲೆ ಮಾತ್ರ. ಪೈಪ್ ಬಿಚ್ಚುವುದಿದ್ದರೆ ಇದ್ದ ಗ್ಯಾಸ್ ಅನ್ನು ಗಾಳಿಗೆ ಬಿಡಬೇಡಿ. ರಿಕವರಿ ಮಷೀನ್ ಇರುವ ಅಂಗಡಿಯಲ್ಲಿ ಎಳೆಸಿ. ಒಂದು ಕೆಜಿ ಆರ್-134ಎ ಭೂಮಿ ಬಿಸಿ ಮಾಡುವುದರಲ್ಲಿ ಸಾವಿರಕ್ಕೂ ಹೆಚ್ಚು ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಈ ಗ್ಯಾಸ್ ಹೊರಗೆ ಬಂದರೆ ಮೈನಸ್ 26 ಡಿಗ್ರಿಗೆ ಕುದಿಯುತ್ತದೆ, ಚರ್ಮಕ್ಕೆ, ಕಣ್ಣಿಗೆ ತಾಗಿದರೆ ಹೆಪ್ಪುಗಟ್ಟಿಸುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಕೆಲಸ ಬೇಡ.

ಹೊಸ ಓ-ರಿಂಗ್ (ಜಾಯಿಂಟಿನ ರಬ್ಬರ್ ಬಳೆ), ಹೊಸ ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ) ಹಾಕಿದ ಮೇಲೆ ಕನಿಷ್ಠ 30ರಿಂದ 45 ನಿಮಿಷ ಪಂಪ್ ಹಾಕಿ ವ್ಯಾಕ್ಯೂಮ್ ಎಳೆಯಬೇಕು, ಅಂದರೆ ಪೈಪಿನೊಳಗಿನ ಗಾಳಿ, ತೇವ ತೆಗೆಯಬೇಕು. ಬೆಂಗಳೂರು, ತುಮಕೂರು ಕಡೆ ಎತ್ತರದಿಂದಾಗಿ ಗೇಜ್ ಮುಳ್ಳು (ಪಾದರಸದ ಲೆಕ್ಕದಲ್ಲಿ) 27 ಇಂಚಿನ ಹತ್ತಿರವೇ ನಿಲ್ಲುತ್ತದೆ. ಮಂಗಳೂರಿನಲ್ಲಾದರೆ 30ರ ಹತ್ತಿರ ಹೋಗುತ್ತದೆ. ಪಂಪ್ ಕೆಟ್ಟಿಲ್ಲ, ಗಾಬರಿ ಬೇಡ. ವಾಲ್ವ್ ಮುಚ್ಚಿ ಅರ್ಧ ಗಂಟೆ ಬಿಡಿ. ಮುಳ್ಳು ಕದಲಿದರೆ ಇನ್ನೂ ಸೋರುತ್ತಿದೆ.

ತುಂಬುವುದು ತೂಕದ ಲೆಕ್ಕದಲ್ಲಿ. 450 ಗ್ರಾಂ ಡಬ್ಬಿಯನ್ನು ಅಡುಗೆ ಮನೆ ತಕ್ಕಡಿಯ ಮೇಲಿಟ್ಟು ಸ್ಟಿಕ್ಕರ್‌ನಲ್ಲಿರುವಷ್ಟೇ ಹಾಕಿ. ಇಂಜಿನ್ ಓಡುವಾಗ ಲೋ ಕಡೆಯಿಂದ ಮಾತ್ರ, ಡಬ್ಬಿ ನೆಟ್ಟಗೆ ನಿಲ್ಲಿಸಿ. ಹೈ ಕಡೆ ವಾಲ್ವ್ ತೆರೆದರೆ ಕಂಪ್ರೆಸರ್ ಒತ್ತಡ ಡಬ್ಬಿಗೆ ನುಗ್ಗಿ ಅದು ಸಿಡಿಯುತ್ತದೆ. ಅಗ್ಗ ಅಂತ ಅಡುಗೆ ಗ್ಯಾಸಿನ ಜಾತಿಯ ಗ್ಯಾಸ್ ತುಂಬಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೂಲಿಂಗ್ ಕಾಯಿಲ್ ಸೋರಿದರೆ ಅದು ಬಂದು ಸೇರುವುದು ನೀವು ಕೂತಿರುವ ಕ್ಯಾಬಿನ್ನಿಗೆ, ಒಂದು ಕಿಡಿ ಸಾಕು.

ನನ್ನ ಗಾಡಿಯಲ್ಲಿ ಹಳೇ ಗ್ಯಾಸ್ ಪೂರ್ತಿ ಎಳೆಸಿ, ಸರಿಯಾದ ತೂಕ ತುಂಬಿದ ಮೇಲೆ, ಮಧ್ಯಾಹ್ನ ಎರಡು ಗಂಟೆಗೆ ನಿಂತಲ್ಲೇ ನಡುವಿನ ವೆಂಟ್‌ಗೆ ಥರ್ಮಾಮೀಟರ್ ಚುಚ್ಚಿದೆ. ಹೊರಗೆ 34, ವೆಂಟ್‌ನಲ್ಲಿ 9 ಡಿಗ್ರಿ. ಹೈ ಕಡೆ 230.

ಕೊನೆಗೆ ಉಳಿಯುವುದು ಬಸಿದ ಹಳೇ ಕೂಲಂಟ್. ಸಿಹಿ ರುಚಿ ಇರುವ ವಿಷ ಅದು. ನಾಯಿ, ಬೆಕ್ಕು, ಕರು ನೆಕ್ಕಿದರೆ ಕಿಡ್ನಿ ಹೋಗುತ್ತದೆ. ತಗ್ಗಿನಲ್ಲಿ ನಿಲ್ಲಲು ಬಿಡಬೇಡಿ, ಚರಂಡಿಗೂ ಸುರಿಯಬೇಡಿ. ಕ್ಯಾನ್‌ಗೆ ತುಂಬಿ, ಮೇಲೆ ದೊಡ್ಡದಾಗಿ 'ವಿಷ' ಅಂತ ಬರೆದು, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನವರು ಇದನ್ನೂ ತೆಗೆದುಕೊಳ್ಳುತ್ತಾರಾ ಕೇಳಿ ಕೊಟ್ಟುಬಿಡಿ. ಕೆಲಸ ಮಾಡಿದ ಜಾಗಕ್ಕೆ ಎರಡು ಬಕೆಟ್ ನೀರು ಹಾಕಿ ತೊಳೆದ ಮೇಲೆಯೇ ದನ ಕರು ಬಿಡಿ.